ಎಪ್ಪತ್ತೇಳು ಮಲೆಯ ಮಾದಪ್ಪ: ಶ್ರೀ ಮಲೆ ಮಹದೇಶ್ವರಸ್ವಾಮಿಯವರ ಚರಿತ್ರೆ ಮತ್ತು ಕ್ಷೇತ್ರ ಪರಿಚಯ



ಶ್ರೀ ಸ್ವಾಮಿಯ ದರ್ಶನಕ್ಕೆ ಅಂತ ದೂರದೂರದಿಂದ ಬಂದಿದ್ದೀರಿ. ಕೆಲವರು ಬಸ್ಸಿನಲ್ಲಿ, ಕೆಲವರು ಸ್ವಂತ ವಾಹನದಲ್ಲಿ, ಎಷ್ಟೋ ಜನ ಕಾಲ್ನಡಿಗೆಯಲ್ಲೇ ಹರಕೆ ಹೊತ್ತು ಬಂದವರು. ಮುಡಿ ಕೊಟ್ಟು, ಅಂತರಗಂಗೆಯಲ್ಲಿ ಮಿಂದು, ಧೂಪ ಹಾಕಿ, ಸಾಲಿನಲ್ಲಿ ನಿಂತು ಕೈಮುಗಿದು ಹೋಗುವ ಅವಸರದಲ್ಲಿ, ಈ ಮಲೆಗೆ ಮಾದಪ್ಪ ಏಕೆ ಬಂದರು, ಬಂದು ಏನು ಮಾಡಿದರು, ಅವರು ಬಂದ ಕಾಡು ಎಂಥದ್ದು ಎಂಬುದನ್ನು ತಿಳಿಯಲು ಪುರಸೊತ್ತು ಸಿಗುವುದಿಲ್ಲ. ಆ ಕೊರತೆ ತುಂಬಲಿ ಎಂದು ಈ ಪುಟಗಳನ್ನು ಬರೆದಿದೆ. ಊರಿಗೆ ವಾಪಸಾಗುವ ಬಸ್ಸಿನಲ್ಲಿ ಕೂತು ಓದಿ, ಮನೆಯಲ್ಲಿರುವ ಮಕ್ಕಳಿಗೂ ಓದಿ ಹೇಳಿ.

ಕ್ಷೇತ್ರದ ನೆಲೆ

ಶ್ರೀ ಕ್ಷೇತ್ರವು ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿದೆ. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಮಾರ್ಗವಾಗಿ ಸುಮಾರು 80 ಕಿಲೋಮೀಟರ್. ಮೈಸೂರಿನಿಂದ ಸುಮಾರು 150, ಬೆಂಗಳೂರಿನಿಂದ ಸುಮಾರು 210 ಕಿಲೋಮೀಟರ್ ಆಗುತ್ತದೆ. ಕೌದಳ್ಳಿ ದಾಟಿ ತಾಳುಬೆಟ್ಟಕ್ಕೆ ಬಂದರೆ ಅಲ್ಲಿಂದ ಘಟ್ಟದ ದಾರಿ ಶುರು. ತಾಳುಬೆಟ್ಟ ಎಂದರೆ ಬೆಟ್ಟದ ತಾಳು, ಅಂದರೆ ಪಾದ. ಕಾಲ್ನಡಿಗೆಯ ಭಕ್ತರು ಇಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ, ಉಘೇ ಉಘೇ ಅಂತ ಕೂಗಿ ಮಲೆ ಹತ್ತುತ್ತಾರೆ.

ಸಮುದ್ರ ಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿ ಬೆಟ್ಟಗಳ ನಡುವೆ ಒಂದು ತಟ್ಟೆಯ ಹಾಗೆ ತೆರೆದುಕೊಂಡ ಜಾಗದಲ್ಲಿ ಸ್ವಾಮಿಯ ಗುಡಿ ಇದೆ. ಸುತ್ತ ಯಾವ ದಿಕ್ಕಿಗೆ ನೋಡಿದರೂ ಮಲೆಯ ಹಿಂದೆ ಮಲೆ. ಇವನ್ನು ಎಪ್ಪತ್ತೇಳು ಮಲೆ ಎಂದು ಕರೆಯುವುದು ವಾಡಿಕೆ. ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಈ ಏಳನ್ನು ಮುಖ್ಯವಾಗಿ ಹೇಳುತ್ತಾರೆ. ಹೆಸರುಗಳನ್ನು ಗಮನಿಸಿ ನೋಡಿ. ಆನೆ, ಜೇನು, ಕಾನು ಅಂತ ಕಾಡಿನಲ್ಲಿ ಏನಿತ್ತೋ ಅದೇ ಬೆಟ್ಟದ ಹೆಸರಾಗಿದೆ.

ಇದು ಪಶ್ಚಿಮ ಘಟ್ಟದ ಹಾಗೆ ಸದಾ ಮಳೆ ಸುರಿಯುವ ಸೀಮೆಯಲ್ಲ. ಪೂರ್ವ ಘಟ್ಟಗಳ ಸಾಲಿಗೆ ಸೇರಿದ ಒಣ ಕಾಡು. ಬೇಸಿಗೆಯಲ್ಲಿ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತವೆ. ಒಂದೆರಡು ಮಳೆ ಬಿದ್ದರೆ ಸಾಕು, ಹದಿನೈದು ದಿನದಲ್ಲಿ ಮಲೆಯೆಲ್ಲ ಹಸಿರು. ಪೂರ್ವಕ್ಕೆ ಕಾವೇರಿ ನದಿ ಕಲ್ಲು ಕೊರೆದುಕೊಂಡು ಹೊಗೇನಕಲ್ ಕಡೆಗೆ, ಅಲ್ಲಿಂದ ಮೆಟ್ಟೂರಿನ ಕಡೆಗೆ ಹರಿಯುತ್ತಾಳೆ. ಪಾಲಾರ್ ಹಳ್ಳ ದಾಟಿದರೆ ತಮಿಳುನಾಡು. ಆದ್ದರಿಂದಲೇ ಇಲ್ಲಿನ ಸಾಲಿನಲ್ಲಿ ಕನ್ನಡದಷ್ಟೇ ತಮಿಳೂ ಕೇಳಿಸುತ್ತದೆ. ಮಾದಪ್ಪನಿಗೆ ಎರಡು ಭಾಷೆಯೂ ಒಂದೇ.

ಸ್ವಾಮಿಯವರ ಹುಟ್ಟು ಮತ್ತು ಆಗಮನ

ಸ್ವಾಮಿಯವರು ಸುಮಾರು ಆರುನೂರು ವರ್ಷಗಳ ಹಿಂದೆ ಇದ್ದವರು ಎಂಬುದು ಹೆಚ್ಚಿನವರ ಎಣಿಕೆ. ಅವರ ಚರಿತ್ರೆಯನ್ನು ತಾಳೆಗರಿಗಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದವರು ದೇವರಗುಡ್ಡರು, ಅಂದರೆ ಕಂಸಾಳೆಯವರು. ರಾತ್ರಿಯಿಡೀ ಹಾಡಿದರೂ ಮುಗಿಯದ ಈ ಕಥೆಯನ್ನು ಅವರು ಸಾಲುಗಳಾಗಿ ಹಂಚಿಕೊಂಡು ಹಾಡುತ್ತಾರೆ. ಹಾಡಿನಲ್ಲಿ ಇಸವಿ ಇರುವುದಿಲ್ಲ. ಆದರೆ ಊರು, ಹಳ್ಳ, ಬೆಟ್ಟ, ಕುಲ, ಕಸುಬು ಎಲ್ಲವೂ ಇರುತ್ತವೆ. ನಾವು ಇಲ್ಲಿ ಹೇಳುತ್ತಿರುವುದು ಅವರು ಉಳಿಸಿಕೊಟ್ಟ ಚರಿತ್ರೆಯನ್ನೇ.

ಆ ಪ್ರಕಾರ ಸ್ವಾಮಿಯವರು ಉತ್ತರ ದೇಶದವರು. ತಾಯಿ ಉತ್ತರಾಜಮ್ಮ. ಶ್ರೀಶೈಲದ ಕಡೆಯಿಂದ ಬಾಲಕನಾಗಿ ಹೊರಟು, ಊರೂರು ದಾಟಿ, ದಕ್ಷಿಣಕ್ಕೆ ಬಂದರು. ಜೊತೆಗೆ ಪರಿವಾರವಿಲ್ಲ, ಆನೆ ಕುದುರೆ ಇಲ್ಲ. ಹೆಗಲ ಮೇಲೆ ಜೋಳಿಗೆ, ಕೈಯಲ್ಲಿ ಬೆತ್ತ, ಹಣೆ ತುಂಬ ವಿಭೂತಿ ಅಷ್ಟೇ. ಲೋಕದಲ್ಲಿ ಎಷ್ಟೋ ದೇವರು ಅರಮನೆಯಲ್ಲಿ ಹುಟ್ಟಿದ ಕಥೆ ಕೇಳಿದ್ದೇವೆ. ನಮ್ಮ ಮಾದಪ್ಪ ಭಿಕ್ಷೆ ಬೇಡುತ್ತಾ ನಡೆದು ಬಂದ ದೇವರು. ಅದಕ್ಕೇ ಬಡವರಿಗೆ ಅವರ ಮೇಲೆ ಅಷ್ಟೊಂದು ಸಲಿಗೆ. ಬೇರೆ ದೇವರಿಗೆ ಬಹುವಚನ, ಮಾದಪ್ಪನಿಗೆ ನಮ್ಮ ಹಳ್ಳಿಯವರು ಏಕವಚನದಲ್ಲೇ ಮಾತಾಡ್ತಾರೆ, ಬೈದು ಕೇಳ್ಕೊಳ್ತಾರೆ ಕೂಡ.

ಸುತ್ತೂರು ಮತ್ತು ಕುಂತೂರು ಮಠಗಳಲ್ಲಿ

ಕಪಿಲಾ ನದಿ ತೀರದ ಸುತ್ತೂರು ಮಠಕ್ಕೆ ಬಂದಾಗ ಸ್ವಾಮಿಯವರಿಗೆ ಸಿಕ್ಕಿದ್ದು ರಾಗಿ ಬೀಸುವ ಕಾಯಕ. ಮಠದಲ್ಲಿ ನೂರಾರು ಜನಕ್ಕೆ ದಾಸೋಹ. ರಾಶಿ ರಾಶಿ ರಾಗಿ ಬೀಸಬೇಕು. ಬಾಲಕ ಮಹದೇವನು ಆ ಕಾಯಕಕ್ಕೆ ಒಲ್ಲೆ ಎನ್ನಲಿಲ್ಲ. ಬೀಸುವ ಕಲ್ಲಿಗೆ ಆಜ್ಞೆ ಮಾಡಿದನೆಂದೂ, ಕಲ್ಲು ತಾನಾಗಿ ತಿರುಗಿ ಹಿಟ್ಟಿನ ರಾಶಿ ಬಿದ್ದಿತೆಂದೂ ಕಂಸಾಳೆಯವರು ಹಾಡುತ್ತಾರೆ. ಪವಾಡದ ಮಾತು ಹಾಗಿರಲಿ, ಮಲೆಯ ಒಡೆಯನಾಗುವವನು ಮೊದಲು ಹಿಡಿದದ್ದು ರಾಗಿ ಕಲ್ಲಿನ ಗೂಟ ಎಂಬುದನ್ನು ಭಕ್ತರು ಮರೆಯಬಾರದು. ಇವತ್ತಿಗೂ ನಮ್ಮ ಕಡೆ ಮನೆಗಳಲ್ಲಿ ರಾಗಿಯ ವಿಷಯದಲ್ಲಿ ಒಂದು ಭಕ್ತಿ ಉಂಟು.

ಸುತ್ತೂರಿನಿಂದ ಕೊಳ್ಳೇಗಾಲ ಸೀಮೆಯ ಕುಂತೂರು ಮಠಕ್ಕೆ ಬಂದರು. ಅಲ್ಲಿಯೂ ಕೆಲಕಾಲ ಗುರುಸೇವೆ ಮಾಡಿದರು. ಬಯಲು ಸೀಮೆಯ ಮಠದಲ್ಲೇ ಇದ್ದುಬಿಟ್ಟಿದ್ದರೆ ಅನ್ನ, ಆಸರೆ, ಗೌರವ ಯಾವುದಕ್ಕೂ ಕೊರತೆ ಇರುತ್ತಿರಲಿಲ್ಲ. ಆದರೂ ಅವರು ಪೂರ್ವ ದಿಕ್ಕಿಗೆ ಕಾಣುವ ನೀಲಿ ಬೆಟ್ಟಗಳ ಕಡೆ ಮುಖ ಮಾಡಿದರು. ಆಗ ಆ ಬೆಟ್ಟಗಳಲ್ಲಿದ್ದವರು ಸೋಲಿಗರು, ಬೇಡರು, ದನ ಮೇಯಿಸುವವರು. ಅವರ ಬಳಿಗೆ ಹೋಗುವ ಗುರುಗಳು ಕಡಿಮೆ. ಮಾದಪ್ಪ ಹೋದರು.

ಶ್ರವಣ ದೊರೆಯ ಸಂಹಾರ

ಬಂಕಾಪುರಿ ಎಂಬಲ್ಲಿ ಶ್ರವಣ ಎಂಬ ದೊರೆ ಇದ್ದನಂತೆ. ಬಲ ಬಂದವನಿಗೆ ಗರ್ವ ಬಂತು. ದೇವಾನುದೇವತೆಗಳನ್ನೇ ಸೆರೆ ಹಿಡಿದು ಊಳಿಗ ಮಾಡಿಸಿಕೊಳ್ಳುತ್ತಿದ್ದ. ಅವನನ್ನು ಎದುರಿಸಲು ಸ್ವಾಮಿಯವರು ಸೈನ್ಯ ಕಟ್ಟಲಿಲ್ಲ. ಮಾದಾರ ಹರಳಯ್ಯನ ಮನೆ ಬಾಗಿಲಿಗೆ ಹೋದರು. ಹರಳಯ್ಯನ ಕೈಯಲ್ಲಿ ಪಾದರಕ್ಷೆ ಮಾಡಿಸಿ, ಆ ಪಾದರಕ್ಷೆಯ ಉಪಾಯದಿಂದಲೇ ಶ್ರವಣನ ಅಂತ್ಯವಾಯಿತು, ಸೆರೆಯಲ್ಲಿದ್ದವರು ಬಿಡುಗಡೆಯಾದರು ಎಂದು ಕಥೆ ಹೇಳುತ್ತದೆ.

ಇಲ್ಲಿ ಭಕ್ತರು ತಿಳಿಯಬೇಕಾದ ತತ್ವ ಒಂದಿದೆ. ದೊಡ್ಡ ದೊರೆಯನ್ನು ಉರುಳಿಸಿದ್ದು ಚರ್ಮ ಹೊಲಿಯುವ ಬಡವನ ಕೈಕೆಲಸ. ಹರಳಯ್ಯನಿಲ್ಲದೆ ಮಾದಪ್ಪನ ಚರಿತ್ರೆ ಪೂರ್ತಿಯಾಗುವುದಿಲ್ಲ. ಆದ್ದರಿಂದ ಮಲೆಗೆ ಬಂದು ಜಾತಿ ಎಣಿಸುವವನು ಕಥೆಯನ್ನು ಅರ್ಧ ಕೇಳಿದವನು ಎಂದೇ ಹೇಳಬೇಕು.

ಸಂಕಮ್ಮನ ಕಣ್ಣೀರು

ಮಲೆಯಲ್ಲಿ ಸೋಲಿಗರ ನೀಲಯ್ಯ ಎಂಬಾತನ ಹೆಂಡತಿ ಸಂಕಮ್ಮ. ನೀಲಯ್ಯನಿಗೆ ಹೆಂಡತಿಯ ಮೇಲೆ ಅನುಮಾನ. ಕಾಡಿಗೆ ಹೊರಡುವ ಮೊದಲು ತಾನು ಬರುವ ತನಕ ಶೀಲ ಕಾಯುವುದಾಗಿ ಕೈಮೇಲೆ ಕೈಯಿಟ್ಟು ಭಾಷೆ ಕೊಡು ಅಂತ ಪೀಡಿಸಿದ. ತಪ್ಪು ಮಾಡದ ತಾನು ಏಕೆ ಭಾಷೆ ಕೊಡಬೇಕು ಎಂದು ಸಂಕಮ್ಮ ಒಪ್ಪಲಿಲ್ಲ. ಗಂಡ ಕ್ರೂರ ಹಿಂಸೆ ಕೊಟ್ಟು, ಅವಳನ್ನು ಒಬ್ಬಳನ್ನೇ ಕೂಡಿಹಾಕಿ ಹೊರಟುಹೋದ. ಸಂಕಮ್ಮ ನೆನೆದದ್ದು ಮಾದಪ್ಪನನ್ನು. ಸ್ವಾಮಿಯವರು ಬಂದು ಅವಳನ್ನು ಬಿಡಿಸಿ, ಎರಡು ಗಂಡು ಸಂತಾನವಾಗುವಂತೆ ಹರಸಿದರು. ಆ ಮಕ್ಕಳೇ ಕಾರಯ್ಯ ಮತ್ತು ಬಿಲ್ಲಯ್ಯ. ಇವರು ಸ್ವಾಮಿಯ ಪರಮ ಭಕ್ತರಾದರು.

ಕಂಸಾಳೆಯವರು ಈ ಸಾಲನ್ನು ಹಾಡುವಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಆರುನೂರು ವರ್ಷದ ಹಿಂದಿನ ಕಥೆ ಆದರೂ ಯಾರದೋ ಮನೆಯ ಇವತ್ತಿನ ಕಥೆಯ ಹಾಗೇ ಇದೆ. ಗಂಡನ ಅನುಮಾನಕ್ಕಿಂತ ಹೆಂಡತಿಯ ಸತ್ಯ ದೊಡ್ಡದು ಎಂದು ಮಾದಪ್ಪ ತೀರ್ಪು ಕೊಟ್ಟರು. ಮಕ್ಕಳ ಫಲ ಬೇಡಿ ಬರುವ ದಂಪತಿಗಳು ಈ ಕಥೆಯನ್ನು ಇಬ್ಬರೂ ಒಟ್ಟಿಗೆ ಕೂತು ಕೇಳುವುದು ಒಳ್ಳೆಯದು.

ಹುಲಿ ವಾಹನ

ಸ್ವಾಮಿಯವರ ಚಿತ್ರಪಟ ಇಲ್ಲದ ಮನೆ ಈ ಸೀಮೆಯಲ್ಲಿ ಸಿಗುವುದು ಕಷ್ಟ. ಆ ಪಟದಲ್ಲಿ ಅವರು ಕುಳಿತಿರುವುದು ಹುಲಿಯ ಮೇಲೆ. ಎಪ್ಪತ್ತೇಳು ಮಲೆಯನ್ನೂ ಹುಲಿಯ ಮೇಲೆ ಕೂತು ಸುತ್ತಿ ಭಕ್ತರನ್ನು ಕಾಯುತ್ತಿದ್ದರು ಎಂಬ ನಂಬಿಕೆ ಇದೆ. ಸ್ವಾಮಿಯವರು ಹುಲಿಯನ್ನು ಕೊಂದರು ಎಂದು ಎಲ್ಲಿಯೂ ಹಾಡಿಲ್ಲ. ಪಳಗಿಸಿಕೊಂಡರು, ಜೊತೆಗಿಟ್ಟುಕೊಂಡರು ಎಂದೇ ಹಾಡು. ಕ್ಷೇತ್ರದಲ್ಲಿ ನಡೆಯುವ ಹುಲಿವಾಹನ ಸೇವೆ ಇದರ ನೆನಪಿಗೇ. 2023ರ ಮಾರ್ಚ್ ತಿಂಗಳಲ್ಲಿ ದೀಪದಗಿರಿ ಒಡ್ಡಿನಲ್ಲಿ ಅನಾವರಣವಾದ 108 ಅಡಿ ಎತ್ತರದ ಪ್ರತಿಮೆಯಲ್ಲೂ ಸ್ವಾಮಿಯವರು ಹುಲಿಯ ಮೇಲೆಯೇ ಇದ್ದಾರೆ.

ಜುಂಜೇಗೌಡ ಕಟ್ಟಿಸಿದ ಗುಡಿ

ಕಾವೇರಿ ದಂಡೆಯ ಆಲಂಬಾಡಿಯಲ್ಲಿ ಜುಂಜೇಗೌಡ ಎಂಬ ಹಾಲುಮತದ ಸಿರಿವಂತ ಇದ್ದ. ದನಕರು, ಕುರಿಮಂದೆಗೆ ಹೆಸರಾದ ಸೀಮೆ ಅದು. ಆಲಂಬಾಡಿ ಎಂಬ ದನದ ತಳಿಗೆ ಹೆಸರು ಬಂದದ್ದೂ ಆ ಊರಿನಿಂದಲೇ. ಆ ಜುಂಜೇಗೌಡ ಸ್ವಾಮಿಯ ಒಕ್ಕಲಾಗಿ, ಮಲೆಯ ನಡುವೆ ಗುಡಿ ಕಟ್ಟಿಸಿದ. ಸ್ವಾಮಿಯವರು ಇಲ್ಲಿಯೇ ತಪಸ್ಸಿಗೆ ನಿಂತು ಲಿಂಗರೂಪರಾದರು. ಗರ್ಭಗುಡಿಯಲ್ಲಿ ನಾವು ಕಾಣುವ ಲಿಂಗ ಸ್ವಯಂಭು ಎಂದು ನಂಬಿಕೆ. ಅವರು ಇನ್ನೂ ಇಲ್ಲಿಯೇ ತಪಸ್ಸಿನಲ್ಲಿದ್ದಾರೆ ಎಂದೇ ಭಕ್ತರ ಭಾವನೆ.

ಗಮನಿಸಿ, ದನ ಸಾಕುವ ಗೌಡ ಕಟ್ಟಿಸಿದ ಗುಡಿಯಲ್ಲಿ ಹುಲಿಯ ಮೇಲೆ ಕೂತ ದೇವರು. ದನಕ್ಕೂ ಹುಲಿಗೂ ಒಬ್ಬನೇ ಒಡೆಯ. ಈ ಮಾತನ್ನು ಮುಂದೆ ಇನ್ನೊಮ್ಮೆ ನೆನೆಯಬೇಕಾಗುತ್ತದೆ.

ಪೂಜೆ, ಉತ್ಸವ, ಕಂಸಾಳೆ

ಸ್ವಾಮಿಯ ಪೂಜಾ ಕೈಂಕರ್ಯ ನಡೆಸುವವರು ಮಲೆಯ ಬೇಡಗಂಪಣ ಸಮುದಾಯದ ತಮ್ಮಡಿಗಳು. ಹೊರಗಿನಿಂದ ಪಂಡಿತರನ್ನು ಕರೆಸಿದ್ದಲ್ಲ, ಮಲೆಯಲ್ಲೇ ಹುಟ್ಟಿ ಬೆಳೆದವರು. ಕ್ಷೇತ್ರದ ಸಾಲೂರು ಮಠವೂ ಸ್ವಾಮಿಯ ಪರಂಪರೆಗೆ ಸೇರಿದ್ದು. ಮಹಾಶಿವರಾತ್ರಿ, ಯುಗಾದಿ, ದೀಪಾವಳಿ ದೊಡ್ಡ ಜಾತ್ರೆಗಳು. ಪ್ರತಿ ಅಮಾವಾಸ್ಯೆಗೂ ಜನ ಸೇರುತ್ತಾರೆ. ಎಣ್ಣೆಮಜ್ಜನ ಸೇವೆ ಸ್ವಾಮಿಗೆ ಬಲು ಪ್ರೀತಿ. ಉರುಳುಸೇವೆ, ಪಂಜಿನ ಸೇವೆ, ಬಸವವಾಹನ ಸೇವೆ ಇವೂ ನಡೆಯುತ್ತವೆ.

ದೀಪಾವಳಿಯ ಹಾಲರವಿ ಉತ್ಸವವನ್ನು ಒಮ್ಮೆಯಾದರೂ ಕಣ್ತುಂಬ ನೋಡಬೇಕು. ಬೇಡಗಂಪಣರ ಮನೆಯ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲರವಿ ಹಳ್ಳಕ್ಕೆ ಬರಿಗಾಲಲ್ಲಿ ನಡೆದು, ತಲೆಯ ಮೇಲೆ ನೀರು ಹೊತ್ತು ತರುತ್ತಾರೆ. ಆ ನೀರಿನಿಂದ ಸ್ವಾಮಿಗೆ ಅಭಿಷೇಕ. ಹಳ್ಳದಲ್ಲಿ ನೀರಿದ್ದರೆ ತಾನೇ ಉತ್ಸವ? ಕಾಡು ಇದ್ದರೆ ತಾನೇ ಹಳ್ಳದಲ್ಲಿ ನೀರು?

ಇನ್ನು ಕಂಸಾಳೆ. ಕಂಚಿನ ಬಟ್ಟಲೊಂದು ಒಂದು ಕೈಯಲ್ಲಿ, ಹುರಿಗೆ ಕಟ್ಟಿದ ಬಿಲ್ಲೆ ಇನ್ನೊಂದು ಕೈಯಲ್ಲಿ. ಬಿಲ್ಲೆ ಬೀಸಿ ಬಟ್ಟಲಿಗೆ ತಾಗಿಸುತ್ತಾ ಕುಣಿಯುವುದು ಬೀಸು ಕಂಸಾಳೆ. ದೇವರಗುಡ್ಡರಾಗುವವರು ದೀಕ್ಷೆ ಪಡೆದು, ಸ್ವಾಮಿಯ ಹಾಗೇ ಜೋಳಿಗೆ ಹಿಡಿದು ಭಿಕ್ಷೆಗೆ ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ಸಾವಿರಾರು ಸಾಲು ನೆನಪಿನಲ್ಲಿಟ್ಟುಕೊಂಡಿದ್ದರು. 1973ರಲ್ಲಿ ಡಾ. ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು ಸಂಗ್ರಹಿಸಿ ಪುಸ್ತಕವಾಗಿ ತಂದ ಮೇಲೆ ಓದಿದವರಿಗೂ ಇದರ ದೊಡ್ಡತನ ತಿಳಿಯಿತು. ನಿಮ್ಮ ಮನೆ ಬಾಗಿಲಿಗೆ ಕಂಸಾಳೆಯವರು ಬಂದರೆ ಒಂದು ಪಾವು ಅಕ್ಕಿ ಕೊಟ್ಟು ಸಾಗಹಾಕಬೇಡಿ. ಒಂದು ಸಾಲಾದರೂ ಹಾಡಿಸಿ.

ಮಲೆಯ ಈಚಿನ ಕಾಲ

ಬ್ರಿಟಿಷರ ಕಾಲದಲ್ಲಿ ಕೊಳ್ಳೇಗಾಲ ಸೀಮೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ಮಹಾರಾಜರ ಗಡಿಯ ಆಚೆಗಿದ್ದರೂ ಮೈಸೂರು ಸೀಮೆಯ ಒಕ್ಕಲುಗಳು ಮಲೆಗೆ ಬರುವುದನ್ನು ನಿಲ್ಲಿಸಿರಲಿಲ್ಲ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು.

ಆಮೇಲೆ ಮಲೆಗೆ ಕೆಟ್ಟ ಕಾಲವೂ ಬಂತು. ಪಾಲಾರ್ ಕಡೆಯ ಗೋಪಿನಾಥಂ ಊರಿನ ವೀರಪ್ಪನ್ ಆನೆ ದಂತ, ಗಂಧದ ಮರಕ್ಕಾಗಿ ಕಾಡನ್ನು ರಕ್ತಸಿಕ್ತ ಮಾಡಿದ. ಮನಸ್ಸು ತಿರುಗಿಸಿ ಶರಣಾಗಿಸಬಹುದೆಂದು ನಂಬಿ ಹೋದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರು 1991ರ ನವೆಂಬರ್‌ನಲ್ಲಿ ಕೊಲೆಯಾದರು. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಆ ವರ್ಷಗಳಲ್ಲಿ ಸಂಜೆಯಾದರೆ ಘಟ್ಟದ ದಾರಿಯಲ್ಲಿ ಓಡಾಡಲು ಜನ ಹೆದರುತ್ತಿದ್ದರು. ಮಲೆಯ ಹಳ್ಳಿಗಳ ಬಡವರು ಎರಡೂ ಕಡೆಯ ಭಯದಲ್ಲಿ ಬದುಕಿದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ ಮೇಲೆ ಮಲೆಗೆ ಮತ್ತೆ ನೆಮ್ಮದಿ ಬಂತು. ಶ್ರೀನಿವಾಸ್ ಅವರನ್ನು ಗೋಪಿನಾಥಂ ಜನ ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ.

2013ರಲ್ಲಿ ಸುಮಾರು 906 ಚದರ ಕಿಲೋಮೀಟರ್ ಕಾಡು ಮಲೆ ಮಹದೇಶ್ವರ ವನ್ಯಜೀವಿಧಾಮ ಎಂದು ಘೋಷಣೆಯಾಯಿತು. ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟದ ಹುಲಿ ಕಾಡು, ದಕ್ಷಿಣಕ್ಕೆ ಸತ್ಯಮಂಗಲದ ಹುಲಿ ಕಾಡು, ಉತ್ತರಕ್ಕೆ ಕಾವೇರಿ ವನ್ಯಧಾಮ. ಇವೆಲ್ಲದರ ನಡುವಿನ ಕೊಂಡಿ ನಮ್ಮ ಮಲೆ. ಆನೆ, ಹುಲಿಗಳಿಗೆ ಜಿಲ್ಲೆ, ರಾಜ್ಯದ ಗಡಿ ಗೊತ್ತಿಲ್ಲ. ಭಕ್ತರು ಬಂದು ಹೋಗುವ ಹಾಗೇ ಅವೂ ಈ ದಾರಿಯಲ್ಲಿ ಬಂದು ಹೋಗುತ್ತವೆ.

ವಾಹನವೇ ಇಲ್ಲದ ಸ್ವಾಮಿ ಆಗಬಾರದು

ಈ ಪುಸ್ತಕದಲ್ಲಿ ಬರೆಯಲು ಮನಸ್ಸು ಬಾರದ ಸಂಗತಿ ಒಂದಿದೆ. ಆದರೂ ಬರೆಯಲೇಬೇಕು. 2025ರ ಜೂನ್ 26ರಂದು ಇದೇ ಮಲೆಯ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ಯಾರೋ ವಿಷ ಹಾಕಿದ್ದರು. ಅದನ್ನು ತಿಂದು ಐದೂ ಸತ್ತವು. ನಾಡೆಲ್ಲ ಮರುಗಿತು.

ಹಸು ಕಳೆದುಕೊಂಡವನ ಸಂಕಟ ಸಣ್ಣದಲ್ಲ. ಮಲೆಯ ಬಡವನಿಗೆ ಒಂದು ಹಸು ಅಂದ್ರೆ ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಖರ್ಚು ಎಲ್ಲವೂ. ಪೇಟೆಯಲ್ಲಿ ಕೂತವರು ಅವನನ್ನು ಬೈಯುವುದು ಸುಲಭ. ಹಸು ಸತ್ತರೆ ಸರ್ಕಾರದಿಂದ ಪರಿಹಾರ ಉಂಟು. ಅದು ತಡವಿಲ್ಲದೆ ಬಡವನ ಕೈಸೇರಬೇಕು. ಅದನ್ನು ಕೇಳಿ ಪಡೆಯಲು ಓದಿದವರು ನೆರವಾಗಬೇಕು. ಆದರೆ ವಿಷಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ವಿಷ ಹಾಕಿದ ಮಾಂಸವನ್ನು ತಿನ್ನುವ ನರಿ, ಹದ್ದು, ನಾಯಿ ಎಲ್ಲವೂ ಸಾಯುತ್ತವೆ. ಹುಲಿ ಹೋದರೆ ಜಿಂಕೆ, ಹಂದಿ ಹೆಚ್ಚಿ ಹೊಲ ಹಾಳಾಗುತ್ತದೆ.

ಮೇಲೆ ಹೇಳಿದ್ದನ್ನು ಈಗ ನೆನೆಯಿರಿ. ದನದ ಜುಂಜೇಗೌಡನೂ ಸ್ವಾಮಿಯ ಒಕ್ಕಲು, ಹುಲಿಯೂ ಸ್ವಾಮಿಯ ವಾಹನ. ಗುಡಿಯಲ್ಲಿ ಬೆಳ್ಳಿಯ ಹುಲಿಗೆ ಕೈಮುಗಿದು, ಕಾಡಿನ ಹುಲಿಗೆ ವಿಷ ಇಡುವುದು ಮಾದಪ್ಪ ಮೆಚ್ಚುವ ಕೆಲಸವಲ್ಲ. ಬರೀ ಪಟದಲ್ಲಿ, ಬರೀ ಪ್ರತಿಮೆಯಲ್ಲಿ ಹುಲಿ ಉಳಿದರೆ ನಮ್ಮ ಮೊಮ್ಮಕ್ಕಳಿಗೆ ಈ ಚರಿತ್ರೆಯ ಅರ್ಥವೇ ಆಗುವುದಿಲ್ಲ.

ಭಕ್ತರಲ್ಲಿ ವಿನಂತಿ

ಹರಕೆ ಎಂದರೆ ದುಡ್ಡು, ಮುಡಿ ಮಾತ್ರವೇ ಅಲ್ಲ. ಈ ಕೆಳಗಿನವೂ ಹರಕೆಯೇ ಎಂದು ತಿಳಿದು ನಡೆದುಕೊಳ್ಳಿ.

ಪ್ಲಾಸ್ಟಿಕ್ ಕವರು, ನೀರಿನ ಬಾಟಲಿಗಳನ್ನು ಘಟ್ಟದ ದಾರಿಯಲ್ಲಿ ಎಸೆಯಬೇಡಿ. ಉಪ್ಪಿನ ರುಚಿಗೆ ಆನೆ, ಜಿಂಕೆಗಳು ಅದನ್ನೂ ತಿಂದು ಸಾಯುತ್ತವೆ.

ಬೇಸಿಗೆಯಲ್ಲಿ ಅಡುಗೆಗೆ ಒಲೆ ಹೂಡಿದರೆ ನೀರು ಹಾಕಿ ಪೂರ್ತಿ ಆರಿಸಿಯೇ ಏಳಿ. ಬೀಡಿ ತುಂಡು ಒಣಹುಲ್ಲಿಗೆ ಎಸೆಯಬೇಡಿ. ಒಂದು ಕಿಡಿಗೆ ಒಂದು ಮಲೆ ಸುಡುತ್ತದೆ.

ಕೋತಿಗಳಿಗೆ ತಿಂಡಿ ಹಾಕಬೇಡಿ. ಹಾಕಿದರೆ ಅವು ರಸ್ತೆಗೆ ಬಂದು ವಾಹನಕ್ಕೆ ಸಿಗುತ್ತವೆ.

ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾವೇರಿ ದಾಟಿ ಕಾಡಿನಲ್ಲಿ ನಡೆದು ಬರುವವರು, ತಾಳುಬೆಟ್ಟದಿಂದ ಹತ್ತುವವರು, ಗುಂಪಾಗಿ ಹಗಲಿನಲ್ಲೇ ನಡೆಯಿರಿ. ನಾಗಮಲೆಗೆ ಹೋಗುವವರು ಅರಣ್ಯ ಇಲಾಖೆಯ ನಿಯಮ ವಿಚಾರಿಸಿಕೊಂಡೇ ಹೊರಡಿ.

ಅಂತರಗಂಗೆಯಲ್ಲಿ ಸ್ನಾನ ಮಾಡಿದವರು ಹಳೆಯ ಬಟ್ಟೆಯನ್ನು ನೀರಲ್ಲಿ ಬಿಡಬೇಡಿ. ಗಂಗೆಗೆ ಬಟ್ಟೆ ಬಿಟ್ಟರೆ ಪಾಪ ಹೋಗುವುದಿಲ್ಲ, ನೀರು ಕೆಡುತ್ತದೆ ಅಷ್ಟೆ.

ಸೋಲಿಗರು ತರುವ ಜೇನು, ಲಂಟಾನ ಕಡ್ಡಿಯಲ್ಲಿ ಅವರು ಹೆಣೆದ ಸಾಮಾನು ಸಿಕ್ಕಿದರೆ ಚೌಕಾಶಿ ಮಾಡದೆ ಕೊಳ್ಳಿ. ಲಂಟಾನ ಕಾಡನ್ನು ಮುಚ್ಚಿ ಹುಲ್ಲು ಬೆಳೆಯದಂತೆ ಮಾಡುವ ಕಳೆ. ಅದನ್ನು ಕಡಿದು ಅವರು ಅನ್ನ ಸಂಪಾದಿಸಿದರೆ ಕಾಡಿಗೂ ಒಳ್ಳೇದು, ಸಂಕಮ್ಮನ ಕುಲಕ್ಕೂ ಒಳ್ಳೇದು.

ಜೋಳಿಗೆ ಹಿಡಿದು ನಡೆದು ಬಂದ ಬಾಲಕನೊಬ್ಬ ರಾಗಿ ಬೀಸಿ, ಚರ್ಮಗಾರನ ನೆರವು ಪಡೆದು, ಕಾಡಿನ ಹೆಣ್ಣಿನ ಕಣ್ಣೀರು ಒರೆಸಿ, ಹುಲಿಯನ್ನು ಜೊತೆಗಿಟ್ಟುಕೊಂಡು ಎಪ್ಪತ್ತೇಳು ಮಲೆಗೆ ಒಡೆಯನಾದ. ಇಷ್ಟೇ ಮಾದಪ್ಪನ ಚರಿತ್ರೆಯ ಸಾರ. ಶ್ರೀ ಸ್ವಾಮಿಯು ತಮಗೂ, ತಮ್ಮ ಮನೆಯವರಿಗೂ, ದನಕರುಗಳಿಗೂ, ಈ ಮಲೆಯ ಸಕಲ ಜೀವರಾಶಿಗೂ ಆಯುರಾರೋಗ್ಯ ಕೊಟ್ಟು ಕಾಪಾಡಲಿ. ಸುಖವಾಗಿ ಊರು ಸೇರಿ, ಮತ್ತೆ ಬನ್ನಿ.

ಉಘೇ ಮಾದಪ್ಪ.